ಬ್ರೇಕ್ ಬೇಡದ ರೇಸು

ನಮ್ಮ ಬಸ್ಸಿನ ಕಂಡಕ್ಟರನಿಗೆ ಸ್ಕೂಟರ್ ಬಿಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಸಂಕಟ ಅರ್ಥವಾಗಬೇಕಾದರೆ ಇದು ಗೊತ್ತಿರಬೇಕು. ಸಣ್ಣವನಿದ್ದಾಗ ಅವನ ಊರು ಕನ್ಯಾನದಲ್ಲಿ ಸೈಕಲ್ ಕಲಿಯಲು ಹೋಗಿ ಬಿದ್ದು ಎದುರಿನ ಎರಡು ಹಲ್ಲು ಮುರಿದುಕೊಂಡನಂತೆ. ಆಮೇಲೆ ಯಾವ ಗಾಡಿಯ ಹ್ಯಾಂಡಲನ್ನೂ ಮುಟ್ಟಿದವನಲ್ಲ. ನನಗಿಂತ ಎರಡು ವರ್ಷ ದೊಡ್ಡವನು, ಮದುವೆಯಾಗಿಲ್ಲ, ಶಿರ್ತಾಡಿಯಲ್ಲಿ ನಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದಾನೆ. ನಾನು ಡ್ರೈವರ್. ಮೂಡುಬಿದಿರೆಯಿಂದ ಶಿರ್ತಾಡಿ, ನಾರಾವಿ, ಗುರುವಾಯನಕೆರೆ ದಾಟಿ ಬೆಳ್ತಂಗಡಿಗೆ ಹೋಗಿ ಬರುವ ಖಾಸಗಿ ಬಸ್ಸನ್ನು ಹತ್ತೊಂಬತ್ತು ವರ್ಷಗಳಿಂದ ಓಡಿಸುತ್ತಿದ್ದೇನೆ. ಅದರಲ್ಲಿ ಒಂಬತ್ತು ವರ್ಷ ಇವನೇ ನನ್ನ ಕಂಡಕ್ಟರ್. ಇಷ್ಟು ವರ್ಷದಲ್ಲಿ ನಾನು ಒಂದು ಕೋಳಿಯನ್ನೂ ಚಕ್ರದ ಅಡಿಗೆ ಹಾಕಿದವನಲ್ಲ.

ಅಂಥ ನನ್ನನ್ನು ಅಂಥವನು ಮೊಬೈಲಿನ ಕಾರ್ ರೇಸಿನಲ್ಲಿ ಸೋಲಿಸಿದ. ಒಂದು ಸಲವಾದರೆ ಮರೆತುಬಿಡಬಹುದಿತ್ತು. ಪ್ರತಿ ಸಲವೂ ಸೋಲಿಸಿದ, ಅದೂ ಬಾಯಲ್ಲಿ ಎಲೆಯಡಿಕೆ ಜಗಿಯುತ್ತ, ನನ್ನ ಕಡೆ ನೋಡದೆ.

ಬೆಳ್ತಂಗಡಿಯಲ್ಲಿ ಮಧ್ಯಾಹ್ನ ನಮಗೆ ಮುಕ್ಕಾಲು ಗಂಟೆ ಬಿಡುವು. ಊಟ ಮುಗಿಸಿ ನಾನು ಹಿಂದಿನ ಉದ್ದ ಸೀಟಿನಲ್ಲಿ ಮೈ ಚಾಚುವುದು, ಅವನು ಚೀಲ ಮಡಿಲಲ್ಲಿಟ್ಟುಕೊಂಡು ಮೊಬೈಲ್ ನೋಡುವುದು ರೂಢಿ. ಒಂದು ದಿನ ಇಂಜಿನ್ ಕಿರುಚುವ ಶಬ್ದ ಕೇಳಿ ಕಣ್ಣು ಬಿಟ್ಟೆ. ಅವನು ಎರಡು ಕೈಯಲ್ಲೂ ಮೊಬೈಲ್ ಅಡ್ಡ ಹಿಡಿದು ಸ್ಟೇರಿಂಗಿನ ಹಾಗೆ ತಿರುಗಿಸುತ್ತಿದ್ದ. ಪರದೆಯಲ್ಲಿ ಒಂದು ಕೆಂಪು ಕಾರು ಸಮುದ್ರದ ಬದಿಯ ರಸ್ತೆಯಲ್ಲಿ ಹಾರುತ್ತಿತ್ತು. ಇದೆಲ್ಲ ಮಕ್ಕಳಾಟ ಎಂದು ಮೂಗು ಮುರಿದು, ಕೊಡು ನೋಡುವ ಎಂದು ಕಸಿದುಕೊಂಡೆ. ಎಂಟು ಕಾರುಗಳಲ್ಲಿ ನಾನು ಎಂಟನೆಯವನಾದೆ.

ಆಟ ಚೆನ್ನಾಗಿದೆ ಎಂದು ಒಪ್ಪಲೇಬೇಕು. ಹೊಟ್ಟೆಕಿಚ್ಚು ಇದ್ದ ಮಾತ್ರಕ್ಕೆ ಸುಳ್ಳು ಹೇಳಬಾರದು. ಅದರಲ್ಲಿ ರಸ್ತೆಗೆ ಹೊಂಡವಿಲ್ಲ. ದನ ಮಲಗಿರುವುದಿಲ್ಲ. ಸ್ಟಾಪಿನಿಂದ ಇಪ್ಪತ್ತು ಮಾರು ಆಚೆ ನಿಂತು ಕೈ ಅಡ್ಡ ಹಾಕುವವರಿಲ್ಲ. ತಿರುವಿನಲ್ಲಿ ಕಾರನ್ನು ಜಾರಿಸಿದಷ್ಟೂ ಪರದೆಯ ಮೂಲೆಯಲ್ಲಿ ಒಂದು ನೀಲಿ ಪಟ್ಟಿ ತುಂಬುತ್ತದೆ. ತುಂಬಿದ ಮೇಲೆ ಬೆರಳಿಟ್ಟು ಒತ್ತಿದರೆ ಎರಡೂ ಬದಿಯ ಮರಗಳು ಗೆರೆಗಳಾಗುತ್ತವೆ, ಹೊಟ್ಟೆಯೊಳಗೆ ಒಂದು ಥರ ತಣ್ಣಗಾಗುತ್ತದೆ. ಗೋಡೆಗೆ ಹೊಡೆದು, ಪಲ್ಟಿಯಾಗಿ, ಸೇತುವೆಯಿಂದ ಕೆಳಗೆ ಬಿದ್ದರೂ ಎರಡೇ ಕ್ಷಣದಲ್ಲಿ ಕಾರು ಒಂದು ಗೀಚೂ ಇಲ್ಲದೆ ರಸ್ತೆಯ ನಡುವೆ ಬಂದು ನಿಲ್ಲುತ್ತದೆ. ಪೊಲೀಸರಿಲ್ಲ, ಬಸ್ಸಿನ ಧಣಿಯ ಫೋನಿಲ್ಲ, ಜನ ಸೇರುವುದಿಲ್ಲ. ಹತ್ತೊಂಬತ್ತು ವರ್ಷ ಹೆದರಿ ಹೆದರಿ ಬಸ್ಸು ಬಿಟ್ಟವನಿಗೆ ಇದಕ್ಕಿಂತ ದೊಡ್ಡ ಸುಖ ಯಾವುದಿದೆ?

ಆದರೆ ಆ ಆಟ ಮೋಸದ್ದು. ನಾನು ಎಷ್ಟೇ ಮುಂದೆ ಹೋಗಿರಲಿ, ಕೊನೆಯ ಸುತ್ತಿನಲ್ಲಿ ಹಿಂದಿನ ಕಾರುಗಳೆಲ್ಲ ಎಲ್ಲಿಂದಲೋ ಬಂದು ಬಾಲಕ್ಕೆ ಅಂಟಿಕೊಳ್ಳುತ್ತವೆ. ಎದುರಿನಿಂದ ಬರುವ ಒಂದು ಲಾರಿಗೆ ಸ್ವಲ್ಪ ತಾಗಿದರೆ ಒಂದನೆಯ ಸ್ಥಾನದಿಂದ ಏಳಕ್ಕೆ ಇಳಿಯುತ್ತೇವೆ. ಎರಡು ರೇಸಿಗೊಮ್ಮೆ ಸಾಬೂನಿನ ಜಾಹೀರಾತು. ಐದು ರೇಸ್ ಆದ ಮೇಲೆ, ಇನ್ನು ಇಪ್ಪತ್ತು ನಿಮಿಷ ಕಾಯಿರಿ ಎಂಬ ಅಪ್ಪಣೆ. ಫೋನ್ ಬಿಸಿಯಾಗಿ ಅಂಗೈ ಬೆವರಿ ಜಾರುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆ, ಅದರಲ್ಲಿ ಹಾರ್ನ್ ಇಲ್ಲ. ಮೊದಲ ದಿನ ಒಂದೊಂದು ತಿರುವು ಬಂದಾಗಲೂ ನಾನು ಹಾರ್ನ್ ಹುಡುಕುತ್ತಿದ್ದೆ. ಕುರುಡು ತಿರುವಿನಲ್ಲಿ ಹಾರ್ನ್ ಹಾಕದೆ, ಬ್ರೇಕ್ ಮುಟ್ಟದೆ ಹೋಗು ಎಂದರೆ ನನ್ನ ಕೈಕಾಲು ಕೇಳುವುದಿಲ್ಲ. ಕಂಡಕ್ಟರನಿಗೆ ಆ ತೊಂದರೆಯೇ ಇರಲಿಲ್ಲ. ಬ್ರೇಕ್ ಅಂದರೇನು ಎಂದು ಗೊತ್ತಿದ್ದರೆ ತಾನೇ?

ಇದು ಬಸ್ಸಿನೊಳಗೇ ಉಳಿದಿದ್ದರೆ ನಾನು ನುಂಗಿಕೊಳ್ಳುತ್ತಿದ್ದೆ. ಮನೆಗೆ ಬಂತು. ಅವನಿಗೆ ಭಾನುವಾರದ ಊಟ ನಮ್ಮಲ್ಲಿಯೇ. ಒಬ್ಬನೇ ಇದ್ದಾನೆ, ಪಾಪ ಎಂದು ಇದನ್ನು ಶುರುಮಾಡಿದವನು ನಾನೇ. ಒಂದು ಭಾನುವಾರ ಊಟವಾದ ಮೇಲೆ ಅವನು ನನ್ನ ಮಗಳಿಗೆ ಆಟ ತೋರಿಸಿದ. ಅವಳು ಮೂಡುಬಿದಿರೆಯಲ್ಲಿ ಎರಡನೇ ಪಿಯುಸಿ. ತನ್ನ ಫೋನನ್ನೂ ಅವನ ಫೋನನ್ನೂ ಜೋಡಿಸಿ ಎದುರುಬದುರು ಕೂತು ಆಡಬಹುದೆಂದು ಅವಳು ಹತ್ತೇ ನಿಮಿಷದಲ್ಲಿ ಕಂಡುಹಿಡಿದಳು. ಆಮೇಲೆ ಅಪ್ಪನೂ ಮಾಮನೂ ಆಡಲಿ ಎಂದು ಹಠ ಹಿಡಿದಳು. ಮಾಮ ಅಂದರೆ ಕಂಡಕ್ಟರ್.

ಆ ದಿನ ನಾನು ನಿಜವಾಗಿಯೂ ಮುಂದೆ ಇದ್ದೆ. ಕೊನೆಯ ಸುತ್ತು. ಹಿಂದಿನ ಕಾರು ಹತ್ತಿರ ಬಂದರೆ ಪರದೆಯ ಕೆಳಗೆ ಒಂದು ಕೆಂಪು ಬಾಣ ಮಿನುಗುತ್ತದೆ. ಮಿನುಗಿತು. ನಾನು ಎಡಕ್ಕೆ ಸರಿದೆ. ಅವನು ಬಲಗಡೆಯಿಂದ ಸುಯ್ಯೆಂದು ದಾಟಿ ಹೋಗಿ ಗೆದ್ದ.

"ಅಪ್ಪ, ನೀವು ಯಾಕೆ ಸೈಡ್ ಕೊಟ್ಟದ್ದು?" ಎಂದಳು ಮಗಳು.

ನಮ್ಮ ದಾರಿಯಲ್ಲಿ ಒಂದೊಂದು ಬಸ್ಸಿಗೂ ಅದರದ್ದೇ ಟೈಮ್ ಇರುತ್ತದೆ. ಮುಂದಿನವನು ಜನ ಹತ್ತಿಸುತ್ತ ತಡಮಾಡಿ ಹಿಂದಿನ ಬಸ್ಸಿನ ಟೈಮಿಗೆ ಸಿಕ್ಕಿಕೊಂಡರೆ, ಹಿಂದಿನವನು ಬಂದ ಕೂಡಲೇ ಎಡಕ್ಕೆ ಸರಿದು ದಾರಿ ಬಿಡಬೇಕು. ಬಿಡದಿದ್ದರೆ ಬಸ್‌ಸ್ಟ್ಯಾಂಡಿನಲ್ಲಿ ಕಾಲರ್ ಹಿಡಿಯುವವರೆಗೆ ಹೋಗುತ್ತದೆ. ಹಿಂದೆ ಏನೋ ಬಂತೆಂದರೆ ನನ್ನ ಕೈ ತಾನಾಗಿಯೇ ಎಡಕ್ಕೆ ಹೋಗುತ್ತದೆ. ಇದನ್ನು ವಿವರಿಸಹೊರಟಾಗ ಅವರಿಬ್ಬರೂ ಬಿದ್ದು ಬಿದ್ದು ನಕ್ಕರು. ಹೆಂಡತಿ ಅಡುಗೆ ಮನೆಯಿಂದ ಬಂದು, ಏನೆಂದು ಕೇಳಿ, ಅವಳೂ ನಕ್ಕಳು. ನಾನು ಮುಖ ಊದಿಸಿಕೊಂಡು ಅಂಗಳಕ್ಕೆ ಹೋದೆ.

ನನ್ನ ಹೊಟ್ಟೆಕಿಚ್ಚಿಗೆ ಕಾರಣ ಆಟವಲ್ಲ ಎಂದು ನನಗೆ ಗೊತ್ತಾದದ್ದು ಆ ವಾರ. ಮಗಳು ಬೆಳಗ್ಗೆ ಸಂಜೆ ನಮ್ಮ ಬಸ್ಸಿನಲ್ಲೇ ಕಾಲೇಜಿಗೆ ಹೋಗಿ ಬರುವವಳು. ಡ್ರೈವರಿನ ಎಡಗಡೆ, ಇಂಜಿನ್ ಬಾಕ್ಸಿನ ಹತ್ತಿರದ ಒಂಟಿ ಸೀಟು ಅವಳದ್ದು. ಪ್ರೈಮರಿ ಶಾಲೆಯಲ್ಲಿದ್ದಾಗಿನಿಂದಲೂ ಅಲ್ಲೇ ಕೂತು ಗೇರ್ ಹಾಕುವ ನನ್ನ ಕೈಯನ್ನು ನೋಡುತ್ತಿದ್ದಳು. ಯಾರಾದರೂ ಹೊಸ ಗೆಳತಿ ಹತ್ತಿದರೆ, ಇವರು ನನ್ನ ಅಪ್ಪ ಎಂದು ಗಟ್ಟಿಯಾಗಿ ಹೇಳುತ್ತಿದ್ದಳು. ಆಗ ನಾನು ಕೇಳಿಸದವನಂತೆ ಬಸ್ಸು ಬಿಡುತ್ತಿದ್ದೆ, ಆದರೆ ಆ ದಿನ ಬಸ್ಸನ್ನು ಇನ್ನೂ ಹಗುರವಾಗಿ ಬಿಡುತ್ತಿದ್ದೆ. ಈಗ ಅವಳು ಹಿಂದಿನ ಬಾಗಿಲಿನ ಪಕ್ಕದ ಸೀಟಿಗೆ ಹೋದಳು. ಟಿಕೆಟ್ ಮುಗಿಸಿದ ಕಂಡಕ್ಟರ್ ಅಲ್ಲೇ ಕಂಬಕ್ಕೆ ಒರಗಿ ನಿಲ್ಲುತ್ತಾನೆ. ಯಾವ ತಿರುವಿನಲ್ಲಿ ಎಷ್ಟು ಜಾರಿಸಬೇಕು, ನೀಲಿ ಪಟ್ಟಿಯನ್ನು ಕೊನೆಯವರೆಗೆ ಹೇಗೆ ಉಳಿಸಬೇಕು ಎಂದು ಇಬ್ಬರಿಗೂ ಮಾತೇ ಮಾತು. ನನ್ನ ತಲೆಯ ಮೇಲಿನ ಕನ್ನಡಿಯಲ್ಲಿ ಅವರು ಕಾಣುತ್ತಿದ್ದರು. ಮಾತು ಕೇಳುತ್ತಿರಲಿಲ್ಲ, ನಗು ಕಾಣುತ್ತಿತ್ತು.

ಅವನಿಗೆ ಮಕ್ಕಳಿಲ್ಲ, ನನ್ನ ಮಗಳನ್ನು ಪ್ರೈಮರಿ ಶಾಲೆಯ ಕಾಲದಿಂದ ಆಡಿಸಿದವನು, ಅವಳಿಗೆ ಜ್ವರ ಬಂದಾಗ ನನಗಿಂತ ಮೊದಲು ಆಸ್ಪತ್ರೆಗೆ ಓಡಿದವನು. ಇದೆಲ್ಲ ಗೊತ್ತಿದ್ದೂ ನನ್ನ ಹೊಟ್ಟೆ ಉರಿಯುತ್ತಿತ್ತು. ಸ್ಟೇರಿಂಗ್ ಹಿಡಿಯಲು ಬಾರದವನ ಡ್ರೈವಿಂಗನ್ನು ನನ್ನ ಮಗಳು ಹೊಗಳುತ್ತಾಳಲ್ಲ ಎಂದು ಹಲ್ಲು ಕಡಿಯುತ್ತಿದ್ದೆ.

ಆ ಹೊತ್ತಿಗೆ ಬಸ್ಸಿನ ಬಾಡಿ ಕೆಲಸಕ್ಕೆಂದು ಎರಡು ದಿನ ಬಂಟ್ವಾಳದಲ್ಲಿ ನಿಲ್ಲಬೇಕಾಯಿತು. ಧಣಿಗಳ ಮನೆ ಅಲ್ಲೇ. ಗ್ಯಾರೇಜಿನ ಹಿಂದೆ ಹಳೆಯ ಟಯರಿನ ಮೇಲೆ ಕೂತು, ನನ್ನ ಫೋನಿಗೆ ಆ ಆಟ ಹಾಕಿಸಿಕೊಂಡು, ಎರಡು ದಿನ ಬೇರೆ ಕೆಲಸ ಮಾಡಲಿಲ್ಲ. ಇಪ್ಪತ್ತು ನಿಮಿಷ ಕಾಯಿರಿ ಎಂದಾಗ ಕಾದೆ. ಸಾಬೂನಿನ ಜಾಹೀರಾತು ಬಾಯಿಪಾಠವಾಯಿತು. ಮೊದಲು ಕಷ್ಟಪಟ್ಟು ಬ್ರೇಕ್ ಬಿಟ್ಟೆ. ಆಮೇಲೆ ಕಷ್ಟಪಡದೆ ಬಿಟ್ಟೆ. ತಿರುವು ಹತ್ತಿರ ಬಂದಷ್ಟೂ ವೇಗ ಹೆಚ್ಚಿಸಬೇಕು, ಕೊನೆಯ ಗಳಿಗೆಯಲ್ಲಿ ಫೋನ್ ಒಮ್ಮೆಲೇ ತಿರುಗಿಸಬೇಕು, ಕಾರು ತಾನಾಗಿ ಜಾರಿ ಸರಿಯಾಗುತ್ತದೆ ಎಂಬ ಗುಟ್ಟು ಕೈಗೆ ಬಂತು. ಎರಡನೆಯ ದಿನ ಸಂಜೆ ನಾಲ್ಕು ರೇಸ್ ಸಾಲಾಗಿ ಗೆದ್ದೆ. ಮೆಕ್ಯಾನಿಕ್ ನನ್ನ ಮುಖ ನೋಡಿ, ಏನು, ಮಗಳಿಗೆ ಮದುವೆ ಗೊತ್ತಾಯಿತಾ ಎಂದು ಕೇಳಿದ.

ಭಾನುವಾರ ಕಂಡಕ್ಟರನನ್ನು ನಾನೇ ಆಟಕ್ಕೆ ಕರೆದೆ. ಮಗಳು ನನ್ನ ಹೆಗಲ ಮೇಲಿಂದ ನೋಡುತ್ತಿದ್ದಳು. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಅವನು ಮುಂದೆ, ನಾನು ಹಿಂದೆ. ಜಾರಿಸಿದೆ, ಒತ್ತಿದೆ, ದಾಟಿದೆ, ಗೆದ್ದೆ. ನಲವತ್ತನಾಲ್ಕು ವರ್ಷದ ಗಂಡಸು ಎದ್ದು ನಿಂತು ಚಪ್ಪಾಳೆ ಹೊಡೆದುಕೊಂಡೆ. ಮಗಳು ಮಾತ್ರ ಅವನನ್ನು ನೋಡಿದಳು.

"ಮಾಮ, ನೀವು ಬೇಕಂತಲೇ ಬಿಟ್ಟದ್ದಲ್ವಾ?"

ಅವನು ಎಲೆಯಡಿಕೆ ಮಡಚುತ್ತ ನಕ್ಕ. "ಟೈಮ್ ಅವನದ್ದು ಮಗಾ. ಸೈಡ್ ಕೊಟ್ಟೆ."

ಅವನು ತಮಾಷೆಗೆ ಹೇಳಿದ್ದು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಸೋಲಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಮಗಳ ಎದುರಿಗೆ ನನಗೆ ಗೆಲುವನ್ನು ದಾನ ಮಾಡಿದನಲ್ಲ, ಅದನ್ನು ತಡೆಯಲಾಗಲಿಲ್ಲ. ಆ ದಿನ ಅವನಿಗೆ ಸಂಜೆಯ ಚಹಾ ಕೊಡುವವರೆಗೂ ನಾನು ಅವನ ಹತ್ತಿರ ಮಾತಾಡಲಿಲ್ಲ.

ಮರುದಿನ, ಸೋಮವಾರ, ಸಂಜೆಯ ಟ್ರಿಪ್. ಮೂಡುಬಿದಿರೆಯಿಂದ ಹೊರಟಾಗ ಬಸ್ಸು ತುಂಬಿತ್ತು. ಮಗಳು ಹಿಂದಿನ ಸೀಟಿನಲ್ಲಿ, ಅವನು ಕಂಬಕ್ಕೆ ಒರಗಿ. ಶಿರ್ತಾಡಿಗೆ ಸ್ವಲ್ಪ ಮೊದಲು ಇಳಿಜಾರಿನಲ್ಲಿ ಒಂದು ಎಡ ತಿರುವು ಸಿಗುತ್ತದೆ. ಅಲ್ಲಿ ನಾನು ಸೆಕೆಂಡ್ ಗೇರಿಗೆ ಇಳಿಸಿ, ಉದ್ದ ಹಾರ್ನ್ ಹಾಕಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಹೋಗುವವನು. ಆ ದಿನ ಇಳಿಜಾರು ಶುರುವಾಗುವಾಗ ಕನ್ನಡಿ ನೋಡಿದೆ. ಅವನು ಎರಡು ಕೈಯನ್ನೂ ಗಾಳಿಯಲ್ಲಿ ತಿರುಗಿಸಿ ಏನೋ ತೋರಿಸುತ್ತಿದ್ದ. ಎಡಕ್ಕೆ ಸರಿದು ದಾರಿ ಬಿಡುವ ಹಾಗೆ ಕಂಡಿತು. ನನ್ನನ್ನೇ ಅಣಕಿಸುತ್ತಿದ್ದಾನೆ ಎಂದುಕೊಂಡೆ. ಮಗಳು ತಲೆ ಹಿಂದಕ್ಕೆ ಹಾಕಿ ನಗುತ್ತಿದ್ದಳು.

ನಿಜವಾದ ಡ್ರೈವಿಂಗ್ ಅಂದರೆ ಏನೆಂದು ನೋಡಿ ಇಬ್ಬರೂ ಎಂದು ಮನಸ್ಸಿನಲ್ಲೇ ಅಂದೆ. ಬ್ರೇಕ್ ಒತ್ತಲಿಲ್ಲ. ತಿರುವು ಹತ್ತಿರ ಬಂದಾಗ ಇನ್ನೂ ಸ್ವಲ್ಪ ವೇಗ ಕೊಟ್ಟೆ. ಕೊನೆಯ ಗಳಿಗೆಯಲ್ಲಿ ಸ್ಟೇರಿಂಗ್ ಒಮ್ಮೆಲೇ ಎಳೆದೆ.

ಬಸ್ಸು ತಾನಾಗಿ ಸರಿಯಾಗಲಿಲ್ಲ. ಹಿಂಭಾಗ ಬಲಕ್ಕೆ ಜಾರಿತು. ನಿಂತವರೆಲ್ಲ ಕೂತವರ ಮೇಲೆ ಬಿದ್ದರು. ಈಗ ಬ್ರೇಕ್ ತುಳಿದೆ. ಮುಂದಿನ ಚಕ್ರ ಡಾಮರು ಬಿಟ್ಟು ಮಣ್ಣಿಗಿಳಿದು, ರಸ್ತೆ ಬದಿಯ ಗುರುತಿನ ಕಲ್ಲಿಗೆ ಗುದ್ದಿ ನಿಂತಿತು. ಕಲ್ಲಿನ ಆಚೆಗೆ ಆಳದಲ್ಲಿ ನೀರು ಹರಿಯುವ ತೋಡು. ಬೀಡಿ ಕಟ್ಟಲು ಸಾಮಾನು ಕೊಡುವ ಬ್ರಾಂಚಿನಿಂದ ಬರುತ್ತಿದ್ದ ಹೆಂಗಸೊಬ್ಬಳ ಚೀಲ ಹರಿದು ಹೊಗೆಸೊಪ್ಪಿನ ಪುಡಿ ಬಸ್ಸಿಡೀ ಹಾರಿತು. ಆಮೇಲೆ ಎಲ್ಲರೂ ಸೀನತೊಡಗಿದರು.

ನಾನು ಇಂಜಿನ್ ಆಫ್ ಮಾಡಿದೆ. ಹಿಂದಿನಿಂದ ಕಂಡಕ್ಟರನ ದನಿ ಕೇಳಿತು.

"ನಾಯಿ ಅಡ್ಡ ಬಂತು ಮಾರಾಯ್ರೆ, ನಾಯಿ. ಯಾರಿಗಾದ್ರೂ ಪೆಟ್ಟಾಯ್ತಾ?"

ದೊಡ್ಡ ಪೆಟ್ಟು ಯಾರಿಗೂ ಆಗಿರಲಿಲ್ಲ. ಅವನದ್ದೇ ಮೊಣಕೈ ಸುಲಿದು ರಕ್ತ ಬರುತ್ತಿತ್ತು. ಬೀಳುತ್ತಿದ್ದ ಜನರಿಂದ ನನ್ನ ಮಗಳಿಗೆ ಅಡ್ಡವಾಗಿ ನಿಂತದ್ದರಿಂದ ಆದದ್ದು. ಜನ ಇಳಿದು ಊರಿನ ನಾಯಿಗಳಿಗೆಲ್ಲ ಬಯ್ದರು. ಒಬ್ಬರು ಹಿರಿಯರು ನನ್ನ ಬೆನ್ನು ತಟ್ಟಿ, ಮೂಕಪ್ರಾಣಿಯನ್ನೂ ಉಳಿಸಿದಿರಿ, ನಮ್ಮನ್ನೂ ಉಳಿಸಿದಿರಿ ಎಂದರು. ನಾನು ತಲೆಯಾಡಿಸಿದೆ. ಅದಕ್ಕಿಂತ ನಾಚಿಕೆಗೇಡಿನ ಕೆಲಸವನ್ನು ನಾನು ಈ ಜನ್ಮದಲ್ಲಿ ಮಾಡಿಲ್ಲ.

ಮನೆಗೆ ಬಂದು ಕೈಕಾಲು ತೊಳೆಯುತ್ತಿದ್ದೆ. ಮಗಳು ಟವೆಲ್ ಹಿಡಿದು ಬಂದಳು. ಅಮ್ಮನಿಗೆ ಏನನ್ನೂ ಹೇಳಿರಲಿಲ್ಲ.

"ನಾಯಿ ಇರ್ಲಿಲ್ಲ ಅಪ್ಪ," ಎಂದಳು.

ನಾನು ನೀರು ಹೊಯ್ದುಕೊಳ್ಳುತ್ತಲೇ ಇದ್ದೆ. ಕಂಡಕ್ಟರ್ ಹೇಳಿದನಾ ಎಂದು ಕೇಳಿದೆ. ಇಲ್ಲವಂತೆ. ಬಸ್ಸಿನಿಂದ ಇಳಿಯುವಾಗ ಅವನು ಅವಳನ್ನು ಬದಿಗೆ ಕರೆದು, ಯಾರಾದರೂ ಕೇಳಿದರೆ ಕಂದು ಬಣ್ಣದ ನಾಯಿ ಎನ್ನುವ, ಇಬ್ಬರ ಮಾತೂ ಒಂದೇ ಇರಬೇಕು ಎಂದಿದ್ದನಂತೆ. ಅದನ್ನು ಹೇಳಿ ಅವಳು ಟವೆಲನ್ನು ನನ್ನ ಹೆಗಲಿಗೆ ಹಾಕಿದಳು.

"ನೀವು ಕನ್ನಡಿಯಲ್ಲಿ ನಮ್ಮನ್ನೇ ನೋಡ್ತಾ ಇದ್ರಿ. ನಾನು ನೋಡಿದ್ದೇನೆ."

ನನ್ನನ್ನು ಕಾಪಾಡಲು ಅವರಿಬ್ಬರೂ ಸೇರಿ ಒಂದು ನಾಯಿಗೆ ಬಣ್ಣ ಹಚ್ಚಿದ್ದರು. ನನಗೆ ಆಗಲೂ ಮೊದಲು ಬಂದದ್ದು ಹೊಟ್ಟೆಕಿಚ್ಚೇ. ಆ ಸುಳ್ಳಿನಲ್ಲೂ ಅವಳು ಅವನ ಜೊತೆ, ನಾನು ಹೊರಗೆ. ಪಶ್ಚಾತ್ತಾಪ ಆಮೇಲೆ ಬಂತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆ ಕ್ರಮದಲ್ಲೇ ಬಂತು.

ಮರುದಿನ ಬೆಳಗ್ಗೆಯೇ ಧಣಿಗಳಿಗೆ ಫೋನ್ ಮಾಡಿ, ನಾಯಿ ಇರಲಿಲ್ಲ, ತಪ್ಪು ನನ್ನದು ಎಂದೆ. ಯಾಕಾಯಿತು ಎಂದು ಕೇಳಿದರು. ಮನಸ್ಸು ರಸ್ತೆಯಲ್ಲಿರಲಿಲ್ಲ ಎಂದೆ. ಅವರು ಬಯ್ಯಲಿಲ್ಲ. ಒಂದು ತಿಂಗಳು ಮನೆಯಲ್ಲಿರು, ಕಣ್ಣು ಪರೀಕ್ಷೆ ಮಾಡಿಸು, ಆಮೇಲೆ ನೋಡುವ ಎಂದರು. ಬದಲಿಗೆ ಬೇರೊಬ್ಬ ಡ್ರೈವರ್ ಬಂದ. ಕಂಡಕ್ಟರನಿಗೆ ವಿಷಯ ತಿಳಿದು ಓಡಿ ಬಂದು, ಯಾಕೆ ಹೇಳಲು ಹೋದೆ ಎಂದು ನನ್ನ ಮೇಲೆ ಸಿಟ್ಟಾದ. ಆಟವನ್ನು ಅವನು ತನ್ನ ಫೋನಿನಿಂದ ತೆಗೆದುಹಾಕಿದ್ದ. ನಾನು ಹೇಳದೆಯೇ ಅವನಿಗೆ ಅರ್ಥವಾಗಿತ್ತೆಂದು ಆಗ ಗೊತ್ತಾಯಿತು.

ಹದಿನೈದು ದಿನ ಮನೆಯಿಂದ ಹೊರಬೀಳಲಿಲ್ಲ. ನಮ್ಮ ಬಸ್ಸಿನ ಹಾರ್ನ್ ಕೇಳಿದಾಗಲೆಲ್ಲ ಒಳಗೆ ಹೋಗಿ ಕೂರುತ್ತಿದ್ದೆ. ಹದಿನಾರನೆಯ ದಿನ ಕಣ್ಣಿನ ಡಾಕ್ಟರರ ಹತ್ತಿರ ಮೂಡುಬಿದಿರೆಗೆ ಹೋಗಲೇಬೇಕಾಯಿತು. ಕಣ್ಣಿಗೆ ಏನೂ ಆಗಿಲ್ಲ ಎಂದರು. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಮಗಳು ಸಿಕ್ಕಿದಳು. ಅವಳ ಜೊತೆ ನಮ್ಮ ಬಸ್ಸನ್ನೇ ಹತ್ತಿದೆ, ಹಿಂದಿನ ಬಾಗಿಲಿನಿಂದ. ಅವಳು ಕಿಟಕಿಯ ಕಡೆಗೆ ಸರಿದು ಜಾಗ ಕೊಟ್ಟಳು. ಇಷ್ಟು ವರ್ಷ ಒಂದೇ ಬಸ್ಸಿನಲ್ಲಿ ಹೋಗಿಯೂ ಅವಳ ಪಕ್ಕ ಕೂತದ್ದು ಅದೇ ಮೊದಲು.

ಹೊಸ ಡ್ರೈವರ್ ಒಳ್ಳೆಯ ಕೈಯವನು. ಗೇರ್ ಬದಲಿಸಿದ್ದು ಗೊತ್ತಾಗುತ್ತಿರಲಿಲ್ಲ. ಅದಕ್ಕೂ ನನ್ನ ಹೊಟ್ಟೆ ಉರಿಯಿತು. ಇಳಿಜಾರು ಬಂತು. ಅವನು ಸೆಕೆಂಡ್ ಗೇರಿಗೆ ಇಳಿಸಿ, ಹಾರ್ನ್ ಹಾಕಿ, ಬ್ರೇಕಿನ ಮೇಲೆಯೇ ಬಸ್ಸನ್ನು ಇಳಿಸಿದ. ಇವನೂ ನನ್ನ ಹಾಗೇ ಮಾಡುತ್ತಾನೆ ನೋಡು ಎಂದು ಹೇಳಲು ಮಗಳ ಕಡೆ ತಿರುಗಿದೆ.

ಅವಳು ಎದುರಿನ ಸೀಟಿನ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿ ಕೂತಿದ್ದಳು. ತುಟಿ ಬಿಳಿಚಿಕೊಂಡಿತ್ತು. ಪಕ್ಕದಲ್ಲಿ ಅಪ್ಪ ಇದ್ದಾನೆಂದು ಅವಳಿಗೆ ನೆನಪಿದ್ದಂತೆ ಕಾಣಲಿಲ್ಲ. ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ಅಷ್ಟರಲ್ಲಿ ಕೆಲಸ ಬಿಟ್ಟು ನಮ್ಮ ಸೀಟಿನ ಹತ್ತಿರ ಬಂದು ನಿಂತಿದ್ದ. ದಿನವೂ ಹಾಗೆ ಬಂದು ನಿಲ್ಲುತ್ತಿದ್ದನೆಂದು ಕಾಣುತ್ತದೆ. ಬಸ್ಸು ನೇರ ರಸ್ತೆಗೆ ಬಂದ ಮೇಲೆ ಬಗ್ಗಿ, ಮೆಲ್ಲಗೆ ಹೇಳಿದ.

"ಆಯ್ತು ಮಗಾ. ದಾಟಿತು."

ಅವಳು ಕಣ್ಣು ತೆರೆದಳು. ಅವನು ನನ್ನ ಮುಖ ನೋಡದೆ ಮುಂದಿನವರ ಟಿಕೆಟಿಗೆ ಹೋದ. ಅವಳ ಆ ಹೆದರಿಕೆ ನಾನು ಕೊಟ್ಟದ್ದು. ಅದು ಹದಿನೈದು ದಿನಗಳಿಂದ ಅವನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಆ ಎರಡು ಮಾತು ಹೇಳಬೇಕಾದವನು ನಾನು. ಶಿರ್ತಾಡಿ ಬರುವವರೆಗೂ ಅವನ ಬೆನ್ನನ್ನೇ ನೋಡುತ್ತ ಕೂತಿದ್ದೆ, ಹೊಟ್ಟೆಕಿಚ್ಚಿನಲ್ಲಿ ಅಳುವುದೊಂದು ಬಾಕಿ ಇತ್ತು.